ತಾಯಿ ಕಾರ್ಡ್ ಮಾಡಿಸುವ ಮುಂಚೆಯೇ ಡಾಕ್ಟರ ಹತ್ತಿರ



ಈ ಸಲದ ಪಾಠವನ್ನು ಉಳಿತಾಯ, ಸಾಲದ ಕಂತು, ಪುಸ್ತಕ ಬರೆಯೋದು ಎಲ್ಲಾ ಮುಗಿದ ಮೇಲೆ ನಿಧಾನವಾಗಿ ಓದಿ. ಓದು ಬರುವವರು ಗಟ್ಟಿಯಾಗಿ ಓದಿ, ಉಳಿದವರು ಕೇಳಿಸಿಕೊಳ್ಳಿ. ಮನೆಯಲ್ಲಿ ಹೊಸ ಸೊಸೆ ಇದ್ದರೆ ಅವಳನ್ನೂ ಸಭೆಗೆ ಕರೆದುಕೊಂಡು ಬನ್ನಿ. "ನಮಗೆಲ್ಲಾ ಮಕ್ಕಳಾಗೋ ಕಾಲ ಮುಗೀತು ಸಿಸ್ಟರ್, ನಮಗ್ಯಾಕೆ ಈ ಪಾಠ?" ಅಂತ ಕೆಲವರು ಕೇಳಬಹುದು. ಈ ಪಾಠ ಮುಖ್ಯವಾಗಿ ನಿಮಗೇ. ಸೊಸೆ ಆಸ್ಪತ್ರೆಗೆ ಹೋಗಬೇಕೋ ಬೇಡವೋ ಅಂತ ಎಷ್ಟೋ ಮನೆಗಳಲ್ಲಿ ಇವತ್ತಿಗೂ ತೀರ್ಮಾನ ಮಾಡುವವರು ಅತ್ತೆ.

ಬಸುರಿಯಾದ ಮೇಲೆ ಏನು ಮಾಡಬೇಕೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಮುಟ್ಟು ನಿಂತರೆ ಆಶಾ ಕಾರ್ಯಕರ್ತೆಗೆ ಹೇಳ್ತೀರಿ. ತಾಯಿ ಕಾರ್ಡ್ ಆಗುತ್ತೆ, ಚುಚ್ಚುಮದ್ದು ಆಗುತ್ತೆ, ಕಬ್ಬಿಣದ ಮಾತ್ರೆ ಬರುತ್ತೆ, ಸ್ಕ್ಯಾನಿಂಗ್ ಆಗುತ್ತೆ, ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತೆ. ನಿಮ್ಮಲ್ಲಿ ಎಷ್ಟೋ ಮಂದಿ ಮನೆಯಲ್ಲೇ ಹೆತ್ತವರು. ಅಲ್ಲಿಂದ ಇಲ್ಲಿಗೆ ಬಂದಿರುವುದು ಸಣ್ಣ ವಿಷಯ ಅಲ್ಲ. ಆದರೆ ಒಂದು ಕೊರತೆ ಉಳಿದಿದೆ. ಇದೆಲ್ಲ ಶುರುವಾಗುವುದು ಮುಟ್ಟು ನಿಂತ ಮೇಲೆ. ಮಗುವಿನ ಅಂಗಾಂಗ ಮೂಡುವ ಕೆಲಸ ನಮಗೆ ಗೊತ್ತಾಗುವ ಹೊತ್ತಿಗೇ ಶುರುವಾಗಿಬಿಟ್ಟಿರುತ್ತೆ.

ಬ್ಯಾಂಕಿನವರು ಸಂಘಕ್ಕೆ ಸಾಲ ಕೊಡುವ ಮುಂಚೆ ಏನು ಮಾಡ್ತಾರೆ? ನಡಾವಳಿ ಪುಸ್ತಕ ನೋಡ್ತಾರೆ, ಉಳಿತಾಯ ನೋಡ್ತಾರೆ, ಹಾಜರಿ ನೋಡ್ತಾರೆ, ಗ್ರೇಡಿಂಗ್ ಮಾಡ್ತಾರೆ. ಸಾಲ ಕೊಟ್ಟ ಮೇಲೆ ಗ್ರೇಡಿಂಗ್ ಮಾಡಿದರೆ ಏನು ಪ್ರಯೋಜನ? ಹಾಗೇ ಮಗು ಬೇಕು ಅಂತ ಗಂಡ ಹೆಂಡತಿ ಮನಸ್ಸು ಮಾಡಿದಾಗ, ಬಸುರಾಗುವ ಮೂರು ತಿಂಗಳ ಮುಂಚೆಯಾದರೂ ಇಬ್ಬರೂ ಒಮ್ಮೆ ಡಾಕ್ಟರನ್ನು ಕಾಣಬೇಕು. ಈ ಪಾಠ ಹೇಳುವುದು ಇಷ್ಟೇ. ಯಾಕೆ ಅನ್ನೋದನ್ನು ಈಗ ನೋಡೋಣ.

ಗೋಡೆಯ ಕ್ಯಾಲೆಂಡರ್ ಇಳಿಸಿಕೊಳ್ಳಿ

ಸಭೆ ನಡೆಯುವ ಮನೆಯ ಕ್ಯಾಲೆಂಡರ್ ತೆಗೆದುಕೊಂಡು ಎಲ್ಲರಿಗೂ ಕಾಣುವ ಹಾಗೆ ಇಡಿ. 28 ದಿನಕ್ಕೆ ಸರಿಯಾಗಿ ಮುಟ್ಟಾಗುವ ಒಬ್ಬ ಹೆಣ್ಣುಮಗಳು ಜನವರಿ 1ಕ್ಕೆ ಮುಟ್ಟಾದಳು ಅಂತ ಇಟ್ಟುಕೊಳ್ಳಿ. ಆ ತಾರೀಕಿಗೆ ಗುರುತು ಹಾಕಿ. ಅವಳಲ್ಲಿ ಗರ್ಭ ನಿಲ್ಲುವುದು ಹೆಚ್ಚುಕಡಿಮೆ ಜನವರಿ 15ಕ್ಕೆ. ಅವಳಿಗೆ ಏನೂ ಗೊತ್ತಾಗಲ್ಲ. ಹೊಲಕ್ಕೆ ಹೋಗ್ತಾಳೆ, ನೀರು ಹೊರ್ತಾಳೆ, ತಲೆನೋವಿಗೆ ಅಂಗಡಿಯ ಮಾತ್ರೆ ನುಂಗ್ತಾಳೆ. ಜನವರಿ 29ಕ್ಕೆ ಮುಟ್ಟಾಗಬೇಕಿತ್ತು, ಆಗಲಿಲ್ಲ. "ಒಂದೆರಡು ದಿನ ಮುಂದಕ್ಕೆ ಹೋಗಿರಬೇಕು" ಅಂತ ಸುಮ್ಮನಿರ್ತಾಳೆ. ಫೆಬ್ರವರಿ ಮೊದಲ ವಾರ ಮುಗಿಯುವ ಹೊತ್ತಿಗೆ ಮಗುವಿನ ಪುಟ್ಟ ಹೃದಯ ಬಡಿಯಲು ಶುರು ಮಾಡಿರುತ್ತೆ. ಫೆಬ್ರವರಿ 12ರ ಹೊತ್ತಿಗೆ ಮಿದುಳು ಮತ್ತು ಬೆನ್ನುಹುರಿ ಆಗಬೇಕಾದ ಕೊಳವೆ ಪೂರ್ತಿ ಮುಚ್ಚಿಕೊಂಡಿರಬೇಕು. ಮಾರ್ಚ್ 12ರ ಹೊತ್ತಿಗೆ ಕೈ, ಕಾಲು, ಕಣ್ಣು, ಕಿವಿ, ತುಟಿ ಎಲ್ಲದರ ರೂಪ ಬಂದಿರುತ್ತೆ. ಆಮೇಲೆ ಬೆಳೆಯುವುದು ಬಾಕಿ, ಆಗುವುದು ಬಹುಪಾಲು ಮುಗಿಯಿತು.

ಈಗ ತಾಯಿ ಕಾರ್ಡಿಗೆ ಬನ್ನಿ. 12 ವಾರದೊಳಗೆ ಹೆಸರು ಬರೆಸಿ ಅಂತ ಆಶಾ ಕಾರ್ಯಕರ್ತೆ ಹೇಳ್ತಾರೆ. ಇವಳ ಲೆಕ್ಕದಲ್ಲಿ 12 ವಾರ ತುಂಬುವುದು ಮಾರ್ಚ್ 26ಕ್ಕೆ. ಅಂದರೆ ಯಾರೂ ಬೆರಳು ತೋರಿಸದ ಹಾಗೆ ಸರಿಯಾದ ಸಮಯಕ್ಕೆ ಹೆಸರು ಬರೆಸಿದವಳೂ, ಮಗುವಿನ ಅಂಗಾಂಗ ಮೂಡಿ ಎರಡು ವಾರ ಆದ ಮೇಲೆ ಆಸ್ಪತ್ರೆಯ ಬಾಗಿಲಿಗೆ ಬಂದಿರಬಹುದು. ಇದರಲ್ಲಿ ಆಶಾ ಕಾರ್ಯಕರ್ತೆಯ ತಪ್ಪಿಲ್ಲ, ಆ ಹುಡುಗಿಯ ತಪ್ಪೂ ಇಲ್ಲ. ಲೆಕ್ಕವೇ ಹಾಗಿದೆ.

ಒಂದು ಸಣ್ಣ ಮಾತ್ರೆಯ ವಿಷಯ

ಫೆಬ್ರವರಿ 12ರ ಹೊತ್ತಿಗೆ ಮುಚ್ಚಿಕೊಳ್ಳಬೇಕು ಅಂದೆನಲ್ಲ ಆ ಕೊಳವೆ, ಅದು ಪೂರ್ತಿ ಮುಚ್ಚದೇ ಹೋದರೆ ಮಗುವಿನ ಬೆನ್ನ ಮೇಲೆ ಗಂಟಿನ ಹಾಗೆ ಉಬ್ಬಿಕೊಂಡು, ಬೆನ್ನುಹುರಿ ಹೊರಗೆ ಬಂದು ಹುಟ್ಟಬಹುದು. ಆ ಮಗುವಿಗೆ ಕಾಲಿನಲ್ಲಿ ಶಕ್ತಿ ಇರದೆ ಹೋಗಬಹುದು, ಮಲಮೂತ್ರದ ಹಿಡಿತ ಇರದೆ ಹೋಗಬಹುದು. ತಲೆಯ ಕಡೆ ಮುಚ್ಚದಿದ್ದರೆ ಮಗು ಬದುಕುವುದೇ ಇಲ್ಲ. ಇದನ್ನು ಬಹುಮಟ್ಟಿಗೆ ತಡೆಯುವ ಒಂದು ಮಾತ್ರೆ ಇದೆ. ಅದರ ಹೆಸರು ಫೋಲಿಕ್ ಆಸಿಡ್. ಇಂಥ ಒಂದು ಮಗು ಆಗಿದ್ದ ತಾಯಂದಿರಿಗೆ ಮುಂದಿನ ಬಸುರಿಗೆ ಮುಂಚಿನಿಂದಲೇ ಈ ಮಾತ್ರೆ ಕೊಟ್ಟು ಏಳು ದೇಶಗಳಲ್ಲಿ ಪರೀಕ್ಷೆ ಮಾಡಿದರು. ಅದರ ಫಲ 1991ರಲ್ಲಿ ಪ್ರಕಟವಾಯಿತು. ಹತ್ತರಲ್ಲಿ ಏಳು ಪಾಲು ತೊಂದರೆ ತಪ್ಪಿತ್ತು.

ಮೊದಲು ತೊಂದರೆ ಏನೂ ಇಲ್ಲದ ಹೆಂಗಸಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಬಸುರಾಗುವ ಕಡೇಪಕ್ಷ ಒಂದು ತಿಂಗಳ ಮುಂಚೆ ಶುರು ಮಾಡಬೇಕು. ಎರಡು ಮೂರು ತಿಂಗಳ ಮುಂಚೆ ಆದರೆ ಇನ್ನೂ ಒಳ್ಳೆಯದು. ಬಸುರಿಯಾದ ಮೇಲೂ ಮೂರು ತಿಂಗಳು ಮುಂದುವರಿಸಬೇಕು. ಮೊದಲು ಇಂಥ ಮಗು ಆಗಿದ್ದವರಿಗೆ, ಫಿಟ್ಸ್ ಮಾತ್ರೆ ತಗೊಳ್ಳುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಇದಕ್ಕಿಂತ ಹೆಚ್ಚು ಬೇಕಾಗಬಹುದು, ಎಷ್ಟು ಅಂತ ಡಾಕ್ಟರೇ ಹೇಳಬೇಕು. ಮಾತ್ರೆ ದುಬಾರಿ ಅಲ್ಲ. ಒಂದು ದಿನದ ಎಲೆ ಅಡಿಕೆಗೆ ಅದಕ್ಕಿಂತ ಹೆಚ್ಚು ಖರ್ಚಾಗುತ್ತೆ.

"ನಾವು ಸೊಪ್ಪು ತಿಂತೀವಲ್ಲ ಸಿಸ್ಟರ್" ಅಂತೀರಿ. ತಿನ್ನಿ. ನುಗ್ಗೆ ಸೊಪ್ಪು, ಹೊನಗೊನ್ನೆ, ಹುರುಳಿಕಾಳು, ಹೆಸರುಕಾಳು ಎಲ್ಲದರಲ್ಲೂ ಒಳ್ಳೆಯದಿದೆ. ಆದರೆ ಈ ಸತ್ವ ಬೇಯಿಸಿದಾಗ ಬಹಳಷ್ಟು ಹೋಗಿಬಿಡುತ್ತೆ. ಅದಕ್ಕೇ ಸೊಪ್ಪೂ ಬೇಕು, ಮಾತ್ರೆಯೂ ಬೇಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ಸಭೆಯಲ್ಲಿ ಕುಳಿತಿರುವ ಯಾರಿಗಾದರೂ ಅಂಗವಿಕಲ ಮಗು ಇರಬಹುದು. ಇದನ್ನು ಓದಿ "ನಾನು ಮಾತ್ರೆ ತಗೊಂಡಿಲ್ಲ, ಅದಕ್ಕೇ ಹೀಗಾಯ್ತು" ಅಂತ ಕೊರಗಬೇಡಿ. ಎಲ್ಲಾ ಸರಿಯಾಗಿ ಮಾಡಿದವರಿಗೂ ತೊಂದರೆ ಇರುವ ಮಗು ಹುಟ್ಟುವುದುಂಟು. ಪಕ್ಕದಲ್ಲಿ ಕುಳಿತವರು ಆ ತಾಯಿಯ ಕಡೆ ತಿರುಗಿ ನೋಡುವುದೂ ಬೇಡ.

ರಕ್ತ ಎಷ್ಟಿದೆ?

ರಕ್ತ ಕಡಿಮೆ ಅನ್ನೋದು ನಮ್ಮ ಹೆಂಗಸರಿಗೆ ಎಷ್ಟು ಅಭ್ಯಾಸ ಆಗಿದೆ ಅಂದರೆ ಅದನ್ನು ಕಾಯಿಲೆ ಅಂತಲೇ ಲೆಕ್ಕಕ್ಕೆ ಇಟ್ಟಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು 48 ಪರ್ಸೆಂಟ್ ಮಂದಿಗೆ ರಕ್ತಹೀನತೆ. ಇಪ್ಪತ್ತು ಮಂದಿಯ ಸಂಘದಲ್ಲಿ ಒಂಬತ್ತು ಹತ್ತು ಮಂದಿ ಅಂತಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು, ಸುಸ್ತು, ಕಣ್ಣು ಕತ್ತಲೆ ಬಂದರೆ "ಬಿಸಿಲಿಗೆ" ಅಂತೀವಿ.

ಬಸುರಿಯಾಗದ ಹೆಂಗಸಿಗೆ ಹಿಮೋಗ್ಲೋಬಿನ್ 12 ಇರಬೇಕು. ಬಸುರಿಯಲ್ಲಿ 11ಕ್ಕಿಂತ ಕೆಳಗೆ ಇಳಿಯಬಾರದು. ಬಸುರಿಯಾದಾಗ ಮೈಯ ರಕ್ತದ ಪ್ರಮಾಣ ಹೆಚ್ಚುಕಡಿಮೆ ಅರ್ಧದಷ್ಟು ಹೆಚ್ಚಬೇಕು, ಮಗುವಿಗೂ ಕಬ್ಬಿಣ ಬೇಕು. 9ರಲ್ಲಿ ಬಸುರಿಯಾದವಳು ಮಾತ್ರೆ ತಿಂದು ತಿಂದು ಸುಸ್ತಾದರೂ ಮೇಲೆ ಬರುವುದು ಕಷ್ಟ. ಆಗ ಹೆರಿಗೆಯಲ್ಲಿ ಎಲ್ಲರಿಗೂ ಹೋಗುವಷ್ಟೇ ರಕ್ತ ಹೋದರೂ ಇವಳ ಪ್ರಾಣಕ್ಕೆ ಸಂಚಕಾರ. ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾಸ್ಪತ್ರೆಗೆ ರಾತ್ರಿ ಹೊತ್ತು ಆಂಬ್ಯುಲೆನ್ಸ್‌ನಲ್ಲಿ ಹೋಗಿ ರಕ್ತಕ್ಕೆ ಪರದಾಡಿದ ಮನೆಯವರು ನಿಮ್ಮೂರಲ್ಲೂ ಇರಬಹುದು, ಅವರನ್ನೇ ಕೇಳಿ.

ಅದೇ ಮಗುವಿಗೆ ಮುಂಚೆ ನೋಡಿಕೊಂಡರೆ ಮೂರು ತಿಂಗಳು ಮಾತ್ರೆ ತಿಂದು, ಜಂತುಹುಳಕ್ಕೆ ಔಷಧಿ ತಗೊಂಡು, ಊಟ ಸರಿಮಾಡಿಕೊಂಡು ರಕ್ತ ಏರಿಸಿಕೊಳ್ಳಲು ಸಮಯ ಇರುತ್ತೆ. ಮುಟ್ಟಿನಲ್ಲಿ ವಿಪರೀತ ಹೋಗುತ್ತಿದ್ದರೆ ಅದಕ್ಕೂ ಕಾರಣ ಹುಡುಕಬಹುದು. 2018ರಲ್ಲಿ ಶುರುವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಮದುವೆಯಾದ ವಯಸ್ಸಿನ ಹೆಂಗಸರಿಗೂ ವಾರಕ್ಕೊಂದು ಕೆಂಪು ಕಬ್ಬಿಣದ ಮಾತ್ರೆ ಇದೆ, ಬಸುರಿಯರಿಗೆ ಮಾತ್ರ ಅಲ್ಲ. ಉಪಕೇಂದ್ರದಲ್ಲಿ ಕೇಳಿ. ಮಾತ್ರೆಯನ್ನು ಟೀ ಕಾಫಿ ಜೊತೆ ನುಂಗಬೇಡಿ, ಹಿಡಿಯಲ್ಲ. ನಿಂಬೆಹಣ್ಣಿನ ಪಾನಕದ ಜೊತೆ ಒಳ್ಳೆಯದು. ಮಲ ಕಪ್ಪಗಾಗುತ್ತೆ, ಹೆದರಬೇಡಿ.

ಮುಚ್ಚಿಟ್ಟ ಕಾಯಿಲೆ

ಈ ಪಾಠದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಭಾಗ ಇದು. ಮದುವೆ ಮಾಡುವಾಗ ನಾವು ಹುಡುಗಿಯ ಕಾಯಿಲೆ ಮುಚ್ಚಿಡ್ತೀವಿ. ಫಿಟ್ಸ್ ಬರುತ್ತಿತ್ತು ಅನ್ನೋದನ್ನು ಹೇಳಲ್ಲ. ಚಿಕ್ಕಂದಿನಲ್ಲಿ ಕೀಲು ಬಾವು ಬಂದು ಹೃದಯಕ್ಕೆ ತೊಂದರೆ ಆಗಿ, 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಹಾಕಿಸುತ್ತಿದ್ದದ್ದು ಹೇಳಲ್ಲ. ಥೈರಾಯ್ಡ್ ಮಾತ್ರೆ ಹೇಳಲ್ಲ. ತಾಯಿ ಮಗಳ ಕಿವಿಯಲ್ಲಿ "ಅಲ್ಲಿ ಹೋಗಿ ಮಾತ್ರೆಗೀತ್ರೆ ತೋರಿಸಬೇಡ" ಅಂತಾಳೆ. ಹೇಳಿದರೆ ಸಂಬಂಧ ಮುರಿಯುತ್ತೆ ಅನ್ನೋ ಭಯ. ಆ ಭಯ ಸುಳ್ಳಲ್ಲ, ನನಗೆ ಗೊತ್ತು.

ನಾನು ಕಂಡ ಒಬ್ಬ ಹುಡುಗಿ ಮದುವೆಯ ದಿನದಿಂದ ಫಿಟ್ಸ್ ಮಾತ್ರೆಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟು ತಿನ್ನುತ್ತಿದ್ದಳು. ಮುಗಿದ ಮೇಲೆ ತರಿಸುವ ದಾರಿ ಇಲ್ಲದೆ ಬಿಟ್ಟಳು. ಮೂರನೇ ವಾರಕ್ಕೆ ಒಲೆ ಮುಂದೆ ಫಿಟ್ಸ್ ಬಂದು ಕೈ ಸುಟ್ಟುಕೊಂಡಳು. ಅವಳ ಅತ್ತೆ ನಮ್ಮ ಸಂಘದವರು. ಸುದ್ದಿ ಕೇಳಿ ಮನೆಗೆ ಹೋದಾಗ ಜಗಳ ಜೋರಾಗಿಯೇ ಇತ್ತು, ಹುಡುಗಿಯ ಅಪ್ಪನನ್ನು ಕರೆಸಿದ್ದರು. ಎಲ್ಲಾ ಕೂಗಾಡಿ ಮುಗಿದ ಮೇಲೆ ಆ ಅತ್ತೆ ನನ್ನ ಹತ್ತಿರ ಹೇಳಿದ್ದು ಇದು: "ಸಿಸ್ಟರ್, ಕಾಯಿಲೆ ಇದ್ದಿದ್ದಕ್ಕೆ ನನಗೆ ಸಿಟ್ಟಿಲ್ಲ. ಒಲೆ ಮುಂದೆ ನಾನೇ ಕೂರಿಸ್ತಿದ್ನಲ್ಲ, ಬೆಂಕೀಲಿ ಬಿದ್ದು ಹೋಗಿದ್ರೆ ಏನ್ ಗತಿ?" ಆಮೇಲೆ ಅವರೇ ಸೊಸೆಯನ್ನು ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವಳು ತಿನ್ನುತ್ತಿದ್ದದ್ದು ಸೋಡಿಯಂ ವಾಲ್ಪ್ರೊಯೇಟ್. ಮಗು ಬೇಕೆನ್ನುವ ಹೆಂಗಸಿಗೆ ಈ ಮಾತ್ರೆ ಸರಿಯಲ್ಲ ಅಂತ ಹೇಳಿ ಡಾಕ್ಟರು ಸುಮಾರು ಆರು ತಿಂಗಳು ತಗೊಂಡು ನಿಧಾನವಾಗಿ ಬೇರೆ ಮಾತ್ರೆಗೆ ಬದಲಾಯಿಸಿದರು. ಅಲ್ಲಿಯವರೆಗೆ ಮಗು ಬೇಡ ಅಂದರು, ಫೋಲಿಕ್ ಆಸಿಡ್ ಶುರು ಮಾಡಿದರು. ಅವಳಿಗೆ ಈಗ ಶಾಲೆಗೆ ಹೋಗುವ ಮಗಳಿದ್ದಾಳೆ.

ವಾಲ್ಪ್ರೊಯೇಟ್ ತಿನ್ನುತ್ತಾ ಬಸುರಿಯಾದರೆ ಹತ್ತು ಮಕ್ಕಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ದೊಡ್ಡ ತೊಂದರೆ ಆಗುವ ಸಂಭವ ಇದೆ. ಮಗುವಿನ ಬುದ್ಧಿ ಬೆಳವಣಿಗೆಗೂ ಪೆಟ್ಟು. ಹಾಗಂತ ಇದನ್ನು ಓದಿ ಯಾರೂ ನಾಳೆಯೇ ಮಾತ್ರೆ ನಿಲ್ಲಿಸಬೇಡಿ! ಫಿಟ್ಸ್ ಮಾತ್ರೆ ತಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಬದಲಾಯಿಸುವುದು ಡಾಕ್ಟರು, ಅದೂ ಬಸುರಾಗುವ ಮುಂಚೆ.

ಸಕ್ಕರೆ ಕಾಯಿಲೆಯದೂ ಇದೇ ಕತೆ. ಈಗ ಮೂವತ್ತು ತುಂಬದವರಿಗೂ ಬರುತ್ತಿದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿರುವಾಗ ಗರ್ಭ ನಿಂತರೆ ಆ ಮೊದಲ ಎಂಟು ವಾರದಲ್ಲೇ ಮಗುವಿನ ಹೃದಯ, ಬೆನ್ನುಹುರಿಗೆ ತೊಂದರೆ ಆಗಬಹುದು. ಐದನೇ ತಿಂಗಳಲ್ಲಿ ಸಕ್ಕರೆ ಇಳಿಸಿದರೆ ಅದು ಸರಿಹೋಗಲ್ಲ. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆ, ಕೀಲುನೋವಿನ ಕೆಲವು ಮಾತ್ರೆ, ಹೃದಯದ ಕವಾಟ ಬದಲಾಯಿಸಿದವರಿಗೆ ಕೊಡುವ ರಕ್ತ ತೆಳುಮಾಡುವ ಮಾತ್ರೆ, ಮೊಡವೆಗೆ ಕೊಡುವ ಒಂದು ಮಾತ್ರೆ ಕೂಡ ಹೊಟ್ಟೆಯ ಮಗುವಿಗೆ ಆಗಲ್ಲ. ಇವನ್ನು ಬದಲಾಯಿಸಬೇಕೋ, ಹೇಗೆ ಅನ್ನೋದನ್ನು ಮುಂಚೆಯೇ ತೀರ್ಮಾನಿಸಬೇಕು. ನಾಟಿ ಔಷಧಿ, ಭಸ್ಮ ತಿನ್ನುತ್ತಿದ್ದರೆ ನಾಚಿಕೆಪಡದೆ ಅದನ್ನೂ ಹೇಳಿ. ಥೈರಾಯ್ಡ್ ಮಾತ್ರೆ ಮಾತ್ರ ನಿಲ್ಲಿಸುವುದಲ್ಲ, ಬಸುರಿಯಲ್ಲಿ ಅದು ಇನ್ನೂ ಹೆಚ್ಚೇ ಬೇಕಾಗಬಹುದು.

ಹೃದಯದ ಕವಾಟ ಕಿರಿದಾಗಿರುವ ಹೆಂಗಸು ಗೊತ್ತಿಲ್ಲದೆ ಬಸುರಿಯಾದರೆ ಏಳನೇ ಎಂಟನೇ ತಿಂಗಳಲ್ಲಿ ಉಸಿರು ಕಟ್ಟಿ ಮಲಗಲೂ ಆಗದೆ ಒದ್ದಾಡುತ್ತಾಳೆ. ಹೆಚ್ಚಿದ ರಕ್ತವನ್ನು ಆ ಕಿರಿದಾದ ದಾರಿಯಲ್ಲಿ ತಳ್ಳಲು ಹೃದಯಕ್ಕೆ ಆಗುವುದಿಲ್ಲ. ಮುಂಚೆಯೇ ಎಕೋ ಪರೀಕ್ಷೆ ಮಾಡಿಸಿದರೆ ಮೊದಲು ಹೃದಯಕ್ಕೆ ಚಿಕಿತ್ಸೆ, ಆಮೇಲೆ ಮಗು ಅಂತ ಕ್ರಮ ಮಾಡಿಕೊಳ್ಳಬಹುದು. ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆ ಸರ್ಕಾರದ್ದೇ.

ಇನ್ನೊಂದು ಎಚ್ಚರಿಕೆ. ಇದನ್ನೆಲ್ಲ ಕೇಳಿಕೊಂಡು ಹುಡುಗಿ ನೋಡಲು ಹೋದಾಗ "ಆಸ್ಪತ್ರೆ ಚೀಟಿ ತೋರಿಸಿ" ಅಂತ ಶುರು ಮಾಡಬೇಡಿ. ಹೆಣ್ಣನ್ನು ತಳ್ಳಿಹಾಕಲು ಹೇಳುತ್ತಿರುವ ಪಾಠ ಅಲ್ಲ ಇದು. ಹುಡುಗನಿಗೂ ಕಾಯಿಲೆ ಇರುತ್ತೆ.

ಸಂಬಂಧದೊಳಗೆ ಮದುವೆಯಾದವರು

ಸೋದರಮಾವನಿಗೆ ಕೊಟ್ಟವರು, ಅತ್ತೆ ಮಗ ಮಾವನ ಮಗನನ್ನು ಕಟ್ಟಿಕೊಂಡವರು ನಮ್ಮ ಸಂಘಗಳಲ್ಲಿ ಬೇಕಾದಷ್ಟು ಮಂದಿ. ಆಸ್ತಿ ಹೊರಗೆ ಹೋಗಬಾರದು, ಹುಡುಗಿ ಕಣ್ಣೆದುರಿಗೆ ಇರಲಿ ಅನ್ನುವುದು ಕಾರಣ. ಸಾಮಾನ್ಯವಾಗಿ ನೂರು ಮಕ್ಕಳಲ್ಲಿ ಎರಡು ಮೂರಕ್ಕೆ ಹುಟ್ಟಿನಿಂದ ಏನಾದರೂ ದೊಡ್ಡ ತೊಂದರೆ ಇರುತ್ತೆ. ಅತ್ತೆ ಮಾವನ ಮಕ್ಕಳು ಮದುವೆಯಾದಲ್ಲಿ ಇದು ಸುಮಾರು ಎರಡರಷ್ಟಾಗುತ್ತೆ. ಸೋದರಮಾವನ ಜೊತೆ ಆದರೆ ಸಂಬಂಧ ಇನ್ನೂ ಹತ್ತಿರ. ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ ಅನ್ನೋದೂ ನಿಜ, ಆದ್ದರಿಂದ ಆಗಲೇ ಮದುವೆಯಾದವರು ಗಾಬರಿ ಬೀಳಬೇಕಾಗಿಲ್ಲ. ಆದರೆ ಮನೆತನದಲ್ಲಿ ಕಿವುಡು ಮೂಗ ಮಕ್ಕಳು, ಬುದ್ಧಿ ಬೆಳೆಯದ ಮಕ್ಕಳು, ಹುಟ್ಟಿ ಸ್ವಲ್ಪ ದಿನಕ್ಕೇ ಕಾರಣ ತಿಳಿಯದೆ ತೀರಿಕೊಂಡ ಮಕ್ಕಳು ಇದ್ದರೆ ಡಾಕ್ಟರಿಗೆ ಹೇಳಲೇಬೇಕು.

ಕುಡುಗೋಲು ಕಣ ರಕ್ತರೋಗ, ಅಂದರೆ ಸಿಕಲ್ ಸೆಲ್, ಮತ್ತು ಥಲಸ್ಸೇಮಿಯಾ ಗಂಡ ಹೆಂಡಿರ ಮೈಯಲ್ಲಿ ಸದ್ದಿಲ್ಲದೆ ಇರಬಹುದು. ಇಬ್ಬರೂ ಅದರ ವಾಹಕರಾಗಿದ್ದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಕಾಡಂಚಿನ ಗಿರಿಜನ ಹಾಡಿಗಳಲ್ಲಿ ಸಿಕಲ್ ಸೆಲ್ ಇದೆ. ಇದಕ್ಕಾಗಿ ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಒಂದು ಕಾರ್ಯಕ್ರಮವನ್ನೇ ಶುರು ಮಾಡಿತು. ರಕ್ತ ಪರೀಕ್ಷೆಗೆ ಬಂದಾಗ ಹಾಡಿಯ ಸಂಘದವರು ತಪ್ಪಿಸಿಕೊಳ್ಳಬೇಡಿ.

ಗಂಡನೂ ಬರಬೇಕು

ಮದುವೆಯಾಗಿ ಮೂರು ತಿಂಗಳಿಗೇ "ವಿಶೇಷ ಏನಾದ್ರೂ ಇದೆಯಾ?" ಅಂತ ಶುರು. ಒಂದು ವರ್ಷ ಕಳೆದರೆ ಕೇಳುವ ದನಿಯೇ ಬದಲಾಗುತ್ತೆ. ಹರಕೆ, ತಾಯಿತ, ನಾಟಿ ಔಷಧಿ ಎಲ್ಲಾ ಹುಡುಗಿಗೇ. ಮಕ್ಕಳಾಗದಿರುವುದಕ್ಕೆ ಗಂಡಸಿನಲ್ಲೂ ಕಾರಣ ಇರುತ್ತೆ, ಅದು ಅಪರೂಪವೇನಲ್ಲ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಕುಡಿತ, ಬೀಡಿ, ಸಿಗರೇಟು, ಗುಟ್ಕಾ ಎಲ್ಲಾ ಅದಕ್ಕೆ ಪೆಟ್ಟು ಕೊಡುತ್ತೆ. ಆದ್ದರಿಂದ ಬಿಡುವುದಾದರೆ ಮೂರು ತಿಂಗಳ ಮುಂಚೆಯೇ ಬಿಡಬೇಕು. ಬೆಳೆಗೆ ಔಷಧಿ ಹೊಡೆಯುವಾಗ ಬಾಯಿಗೆ ಬಟ್ಟೆ ಕಟ್ಟಿ, ಮನೆಗೆ ಬಂದ ಕೂಡಲೇ ಸ್ನಾನ ಮಾಡಿ, ಆ ಬಟ್ಟೆ ಬೇರೆ ಒಗೆಯಬೇಕು. ಎಷ್ಟೋ ಮನೆಯಲ್ಲಿ ಆ ಬಟ್ಟೆ ಒಗೆಯುವವಳು ಬಸುರಾಗಬೇಕಾದವಳೇ! ಹೊಗೆಸೊಪ್ಪು, ಕಡ್ಡಿಪುಡಿ ಹಾಕುವ ಹೆಂಗಸರಿಗೂ ಇದೇ ಮಾತು.

ಇಬ್ಬರದೂ ರಕ್ತದ ಗುಂಪು ತಿಳಿದಿರಬೇಕು. ಹೆಂಡತಿಯದು ನೆಗೆಟಿವ್, ಗಂಡನದು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ ಮೇಲೆ ಅಥವಾ ಗರ್ಭ ಇಳಿದರೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಬೇಕಾಗಬಹುದು, ಇಲ್ಲದಿದ್ದರೆ ಮುಂದಿನ ಮಗುವಿಗೆ ಅಪಾಯ. ಎಚ್.ಐ.ವಿ., ಕಾಮಾಲೆಯ ಹೆಪಟೈಟಿಸ್ ಬಿ, ಲೈಂಗಿಕ ರೋಗದ ಪರೀಕ್ಷೆಯೂ ಇಬ್ಬರಿಗೂ ಆಗಬೇಕು. "ನನಗ್ಯಾಕೆ?" ಅಂತ ಗಂಡ ಎಗರಾಡಿದರೆ "ನನಗೂ ಮಾಡ್ತಾರೆ, ಮಗೂಗೋಸ್ಕರ" ಅಂತ ಹೇಳಿ. ಇದ್ದರೂ ಮಗುವಿಗೆ ಬರದ ಹಾಗೆ ಬಹುಮಟ್ಟಿಗೆ ತಡೆಯುವ ಔಷಧಿ ಇದೆ. ಒಂದು ವರ್ಷ ಜೊತೆಗಿದ್ದೂ ಮಗು ಆಗದಿದ್ದರೆ ಇಬ್ಬರೂ ತೋರಿಸಿಕೊಳ್ಳಿ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಿ. ಗಂಡು ಮಗು ಆಗುವ ಔಷಧಿ ಅಂತ ಯಾರಾದರೂ ಕೊಟ್ಟರೆ ಚರಂಡಿಗೆ ಎಸೆಯಿರಿ. ಗಂಡೋ ಹೆಣ್ಣೋ ಅನ್ನೋದು ತಂದೆಯ ವೀರ್ಯಾಣುವಿನಿಂದ ಆಗುವುದು, ಸೊಸೆ ಕುಡಿಯುವ ಕಷಾಯದಿಂದ ಅಲ್ಲ.

ದಡಾರದ ಜೊತೆಗಿನ ಚುಚ್ಚುಮದ್ದು

ರುಬೆಲ್ಲಾ ಅಂತ ಒಂದು ಜ್ವರ ಇದೆ. ದೊಡ್ಡವರಿಗೆ ಮೂರು ದಿನದ ಗುಳ್ಳೆ, ಅಷ್ಟೇ. ಬಸುರಿಗೆ ಮೊದಲ ತಿಂಗಳುಗಳಲ್ಲಿ ಬಂದರೆ ಮಗುವಿನ ಕಣ್ಣು, ಕಿವಿ, ಹೃದಯ ಹಾಳಾಗಬಹುದು. ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ಶಾಲೆ ಶಾಲೆಗೆ ಬಂದು 15 ವರ್ಷದೊಳಗಿನ ಮಕ್ಕಳಿಗೆ ದಡಾರ ರುಬೆಲ್ಲಾ ಚುಚ್ಚುಮದ್ದು ಹಾಕಿದ್ದು ನಿಮಗೆ ನೆನಪಿರಬೇಕು. ಆಗ 15 ದಾಟಿದ್ದ ಹುಡುಗಿಯರೇ ಈಗ ಮಗುವಿಗೆ ಸಿದ್ಧವಾಗುತ್ತಿರುವವರಲ್ಲಿ ಬಹಳ ಮಂದಿ. ಅವರಿಗೆ ಅದು ಸಿಕ್ಕಿಲ್ಲ. ಬಸುರಿಯಾದ ಮೇಲೆ ಇದನ್ನು ಹಾಕುವ ಹಾಗಿಲ್ಲ. ಮುಂಚೆ ಹಾಕಿಸಿಕೊಂಡು ಒಂದು ತಿಂಗಳು ಬಸುರಾಗದೆ ಇರಬೇಕು. ದೊಡ್ಡವರಿಗೆ ಹೊರಗೆ ದುಡ್ಡು ಕೊಟ್ಟು ಹಾಕಿಸಬೇಕಾಗಬಹುದು, ಡಾಕ್ಟರನ್ನು ಕೇಳಿ.

ಹಿಂದಿನ ಬಸುರು ಕಳೆದುಕೊಂಡವರು

ಮೊದಲ ಮಗುವಿಗೂ ಈ ತಪಾಸಣೆ ಬೇಕು, ಎರಡನೆಯದಕ್ಕೂ ಬೇಕು. ಹೆರಿಗೆಯಾಗಿ ಎರಡು ವರ್ಷ ಆದ ಮೇಲೆ ಮುಂದಿನ ಬಸುರು ಆದರೆ ತಾಯಿಗೂ ಮಗುವಿಗೂ ಒಳ್ಳೆಯದು. ಆಪರೇಷನ್ ಆದವರಿಗೆ ಹೊಲಿಗೆ ಮಾಗಲು ಸಮಯ ಬೇಕೇ ಬೇಕು. ಅಂತರ ಹೇಗೆ ಇಡುವುದು ಅನ್ನೋದನ್ನು ಗಂಡ ಹೆಂಡತಿ ಸೇರಿ ಡಾಕ್ಟರ ಹತ್ತಿರ ಮಾತಾಡಿ.

ಎರಡು ಮೂರು ಸಲ ಗರ್ಭ ಇಳಿದವರು, ದಿನ ತುಂಬಿ ಸತ್ತ ಮಗು ಹೆತ್ತವರು, ಬಸುರಿಯಲ್ಲಿ ಬಿ.ಪಿ. ಏರಿ ಫಿಟ್ಸ್ ಬಂದವರು, ಆಗ ಸಕ್ಕರೆ ಕಾಣಿಸಿಕೊಂಡಿದ್ದವರು ಮತ್ತೆ ಬಸುರಾಗಿ ಆಮೇಲೆ ನೋಡೋಣ ಅನ್ನಬಾರದು. ಇವರಿಗೆ ನಮ್ಮ ಊರುಗಳಲ್ಲಿ ಸಿಗುವುದು ಮಾತು: ಕಾಲ್ಗುಣ, ದೃಷ್ಟಿ, ಶಾಪ. ಇವರಿಗೆ ಬೇಕಾದದ್ದು ಪರೀಕ್ಷೆ.

ಎಲ್ಲಿಗೆ ಹೋಗೋದು, ಏನಂತ ಹೇಳೋದು

"ಬಸುರಿ ಆಗದೆ ಡಾಕ್ಟ್ರ ಹತ್ರ ಹೋಗಿ ಏನಂತ ಹೇಳೋದು ಸಿಸ್ಟರ್? ನಗಲ್ವಾ?" ಇದು ಎಲ್ಲಾ ಸಂಘದಲ್ಲೂ ಬರುವ ಪ್ರಶ್ನೆ. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಹೆಂಗಸರ ಡಾಕ್ಟರು ಬೇಕಾದರೆ ತಾಲ್ಲೂಕು ಆಸ್ಪತ್ರೆಗೆ. "ನಮಗೆ ಮಗು ಬೇಕು ಅಂತ ಇದ್ದೀವಿ ಡಾಕ್ಟ್ರೇ, ಅದಕ್ಕೆ ಮುಂಚೆ ತಪಾಸಣೆ ಮಾಡಿಸೋಕೆ ಬಂದ್ವಿ" ಅಂತ ಹೇಳಿದರೆ ಸಾಕು. "ಬಸುರಿಯಾದ ಮೇಲೆ ಬಾಮ್ಮ" ಅಂತ ಯಾರಾದರೂ ವಾಪಸ್ ಕಳಿಸಿದರೆ ಹಿಂದಿರುಗಬೇಡಿ. "ಹಿಮೋಗ್ಲೋಬಿನ್ ನೋಡಿ, ಸಕ್ಕರೆ ನೋಡಿ, ಬಿ.ಪಿ. ನೋಡಿ, ಫೋಲಿಕ್ ಆಸಿಡ್ ಬರೆದುಕೊಡಿ" ಅಂತ ಹೆಸರು ಹಿಡಿದು ಕೇಳಿ. ಹೆಸರು ಹಿಡಿದು ಕೇಳುವ ಹೆಂಗಸನ್ನು ಸುಮ್ಮನೆ ಕಳಿಸುವುದು ಕಷ್ಟ. ಒಬ್ಬರೇ ಹೋಗಲು ಸಂಕೋಚವಾದರೆ ಸಂಘದ ಪ್ರತಿನಿಧಿ ಜೊತೆಗೆ ಹೋಗಲಿ.

ಹೋಗುವಾಗ ಹಳೆಯ ಚೀಟಿಗಳು, ಹಿಂದಿನ ತಾಯಿ ಕಾರ್ಡ್, ಆಪರೇಷನ್ ಆಗಿದ್ದರೆ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಈಗ ತಿನ್ನುತ್ತಿರುವ ಮಾತ್ರೆಯ ಖಾಲಿ ಪಟ್ಟಿಯಾದರೂ ಸರಿ, ಒಂದು ಚೀಲದಲ್ಲಿ ಹಾಕಿಕೊಳ್ಳಿ. ಕೊನೆಯ ಮುಟ್ಟಿನ ತಾರೀಕು ಬರೆದಿಟ್ಟುಕೊಳ್ಳಿ. ಅತ್ತೆಯೇ ಜೊತೆಗೆ ಹೋದರೂ ಡಾಕ್ಟರ ಹತ್ತಿರ ಸೊಸೆ ಸ್ವಲ್ಪ ಹೊತ್ತು ಒಬ್ಬಳೇ ಮಾತಾಡಲಿ, ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ. ಬಿಳಿಮುಟ್ಟು, ಗಂಡನ ಕುಡಿತ, ಹೊಡೆತ ಇವೆಲ್ಲ ನಿಮ್ಮೆದುರು ಅವಳ ಬಾಯಿಂದ ಬರಲ್ಲ.

ಖರ್ಚು? 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಉಳಿದದ್ದು ಒಂದು ದಿನದ ಕೂಲಿ, ಹೊರಗೆ ಬರೆದುಕೊಟ್ಟರೆ ಒಂದೆರಡು ಪರೀಕ್ಷೆ. ನಿಮ್ಮ ಸಂಘದ ಸಾಲದ ಪುಸ್ತಕ ತೆಗೆದು ನೋಡಿ. ಆಸ್ಪತ್ರೆ ಅಂತ ಬರೆದಿರುವ ದೊಡ್ಡ ಸಾಲಗಳಲ್ಲಿ ಹೆರಿಗೆಗೆ, ಎಳೆ ಮಗುವಿಗೆ ತೆಗೆದದ್ದು ಎಷ್ಟು ಅಂತ ಎಣಿಸಿ. ಅದರ ಪಕ್ಕದಲ್ಲಿ ಈ ತಪಾಸಣೆಯ ಖರ್ಚು ಬರೆದು ನೋಡಿ. ಆಂತರಿಕ ಸಾಲದಲ್ಲಿ ಇದಕ್ಕೆ ಸಣ್ಣ ಮೊತ್ತವನ್ನು ಬಡ್ಡಿ ಇಲ್ಲದೆ ಕೊಡಬಹುದಾ ಅಂತ ಸಂಘದಲ್ಲಿ ಚರ್ಚೆ ಮಾಡಿ ನಡಾವಳಿಯಲ್ಲಿ ಬರೆಯಿರಿ.

ಸಭೆಯಲ್ಲಿ ಮಾತಾಡಲು

ನಮ್ಮ ಸಂಘದ ಮನೆಗಳಲ್ಲಿ ಈ ವರ್ಷ ಮಗುವಿಗೆ ಸಿದ್ಧವಾಗುತ್ತಿರುವ ಹೆಣ್ಣುಮಕ್ಕಳು ಎಷ್ಟು ಮಂದಿ? ಅವರಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಗೊತ್ತಿರುವವರು ಎಷ್ಟು?

ಸೊಸೆಗೆ ಹಳೆಯ ಕಾಯಿಲೆ ಇದ್ದರೆ ಅದನ್ನು ಭಯವಿಲ್ಲದೆ ಹೇಳಿಕೊಳ್ಳುವ ಹಾಗೆ ನಮ್ಮ ಮನೆ ಇದೆಯಾ? ಅತ್ತೆಯಂದಿರು ಮೊದಲು ಉತ್ತರ ಕೊಡಲಿ, ಆಮೇಲೆ ಸೊಸೆಯಂದಿರು.

ಮುಂದಿನ ತಿಂಗಳ ಸಭೆಗೆ ಆಶಾ ಕಾರ್ಯಕರ್ತೆಯನ್ನು ಕರೆಯಿರಿ. ನಿಮ್ಮ ಉಪಕೇಂದ್ರದಲ್ಲಿ ಫೋಲಿಕ್ ಆಸಿಡ್ ಮಾತ್ರೆ ಈಗ ಇದೆಯಾ, ಇಲ್ಲದಿದ್ದರೆ ಯಾವಾಗ ಬರುತ್ತೆ ಅಂತ ಕೇಳಿ, ಅವರು ಕೊಟ್ಟ ಉತ್ತರವನ್ನು ತಾರೀಕು ಸಮೇತ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ.